ಕಾಣುವ ಸೀಟು, ಇಲ್ಲದ ಸೀಟು

ಮೊದಲೇ ಹೇಳಿಬಿಡುತ್ತೇನೆ. ನಾನು ಬಿಸಿನೆಸ್ ಕ್ಲಾಸಿನ ಸೀಟಿನಲ್ಲಿ ಮಲಗಿದ್ದು ಒಂದೇ ಸಲ, ಅದೂ ನೆಲದ ಮೇಲೆ ನಿಂತಿದ್ದ ವಿಮಾನದಲ್ಲಿ. ಒಂದು ಏರ್‌ಲೈನಿನವರು ಊರಿನ ಏಜೆಂಟರನ್ನೆಲ್ಲ ಕರೆದು ತಮ್ಮ ಹೊಸ ವಿಮಾನ ತೋರಿಸಿದ್ದರು. ಗುಂಡಿ ಒತ್ತಿದೆ. ಬೆನ್ನು ಕೆಳಗಿಳಿಯಿತು, ಕಾಲು ಮೇಲೆ ಬಂತು. ಚಾವಣಿಯ ದೀಪ ನೋಡುತ್ತ ಸ್ವಲ್ಪ ಹೊತ್ತು ಮಲಗಿದೆ. "ಏಳಿ ಸಾರ್, ನಾವೂ ನೋಡ್ಬೇಕು" ಅಂತ ಹಿಂದಿನವರು ಗಲಾಟೆ ಮಾಡಿದರು. ಎದ್ದೆ. ಜೀವಮಾನವೆಲ್ಲ ಮಾರಿದ ವಸ್ತುವಿನ ಬಗ್ಗೆ ನನ್ನ ಸ್ವಂತ ಅನುಭವ ಇಷ್ಟು.

ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಟ್ರಾವೆಲ್ ಆಫೀಸು. ಈಗ ಅಲ್ಲಿ ಕೂರುವ ಹುಡುಗಿಯರು ಹೋದ ತಿಂಗಳು ಫೋನ್ ಮಾಡಿದ್ದರು. "ಅಂಕಲ್, ನಿಮ್ಮ ಅನುಭವ ಬರೆದುಕೊಡಿ, ಹೊಸಬರ ಟ್ರೇನಿಂಗಿಗೆ ಇಟ್ಕೋತೀವಿ." ಅವರಿಗೆ ಬೇಕಾದದ್ದು ಕಿವಿಮಾತು ಅಂತ ನನಗೆ ಗೊತ್ತು. ಅದನ್ನು ಇಲ್ಲೇ ಮುಗಿಸುತ್ತೇನೆ. ಕ್ರೆಡಿಟ್ ಕಾರ್ಡಿನ ಪಾಯಿಂಟನ್ನು ಏರ್‌ಲೈನಿಗೆ ದಾಟಿಸಿದರೆ ವಾಪಸ್ಸು ಬರುವುದಿಲ್ಲ, ಸೀಟು ಕಣ್ಣಿಗೆ ಬೀಳುವ ತನಕ ದಾಟಿಸಬೇಡಿ. ಎಲ್ಲ ಟಿಕೆಟ್ಟಿಗೂ ಮೈಲ್ಸ್, ಅಂದರೆ ಹಾರಿದ್ದಕ್ಕೆ ಏರ್‌ಲೈನಿನವರು ಕೊಡುವ ಪಾಯಿಂಟು, ಬರುವುದಿಲ್ಲ, ಟಿಕೆಟ್ಟಿನ ಮೂಲೆಯಲ್ಲಿರುವ ಒಂದು ಅಕ್ಷರ ಅದನ್ನು ತೀರ್ಮಾನಿಸುತ್ತದೆ, ಆ ಅಕ್ಷರ ನೋಡದೆ ಮಾತು ಕೊಡಬೇಡಿ. ಮೈಲ್ಸ್ ಕೊಟ್ಟು ತೆಗೆದುಕೊಳ್ಳುವ ಸೀಟು ಬಹಳ ಮುಂಚೆ ತೆರೆಯುತ್ತದೆ, ಇಲ್ಲವೇ ಕೊನೆಯ ಗಳಿಗೆಯಲ್ಲಿ. ನಡುವೆ ಕಾಯುವವನು ಸುಮ್ಮನೆ ಕಾಯುತ್ತಾನೆ. ಯಾರಿಗೂ ಕೂಡಿಡಲು ಹೇಳಬೇಡಿ. ಇವತ್ತು ಹೋಗಿಬರಲು ಸಾಕಾಗುವ ಮೈಲ್ಸ್ ನಾಳೆ ಹೋಗಲು ಮಾತ್ರ ಸಾಕಾಗಬಹುದು, ಕಂಪನಿಯವರು ಕೇಳಿ ಬದಲಾಯಿಸುವುದಿಲ್ಲ.

ಟ್ರೇನಿಂಗಿಗೆ ಇಷ್ಟು ಸಾಕು. ಮುಂದಿನದನ್ನು ಬೇಕಾದರೆ ಓದಿ. ಒಂದು ಎಚ್ಚರಿಕೆ: ಕೆಲಸ ಬಿಟ್ಟ ಮೇಲೆ ಮನುಷ್ಯನಿಗೆ ಎಲ್ಲವೂ ಚೆಂದವಾಗಿ, ಆದಿ ಅಂತ್ಯ ಸಮೇತ ನೆನಪಾಗುತ್ತದೆ. ಹಾಗೆ ನೆನಪಾದ ಕಡೆಯಲ್ಲೆಲ್ಲ ನಾನು ನನ್ನನ್ನೇ ತಡೆಯಲು ನೋಡಿದ್ದೇನೆ.

ನಮ್ಮ ಯಜಮಾನರು ಶ್ರೀಕಂಠಯ್ಯ. ಕೆಲಸಕ್ಕೆ ಸೇರಿದ ವಾರ ನನ್ನನ್ನು ಕೂರಿಸಿಕೊಂಡು, "ನಾವು ಸೀಟು ಮಾರಲ್ಲ ಕಣಯ್ಯಾ, ನಿದ್ದೆ ಮಾರ್ತೀವಿ. ಮುಂದೆ ಕೂತೋನೂ ಹಿಂದೆ ಕೂತೋನೂ ಒಂದೇ ಹೊತ್ತಿಗೆ ಇಳೀತಾರೆ. ಒಬ್ಬ ಮಲಗಿ ಇಳೀತಾನೆ, ಒಬ್ಬ ಮಲಗದೆ ಇಳೀತಾನೆ. ಅಷ್ಟೇ ವ್ಯತ್ಯಾಸ" ಅಂದರು. ಅವರ ಕಾಲದಲ್ಲಿ ಏರ್‌ಲೈನಿನ ಆಫೀಸಿನಲ್ಲಿ ಮನುಷ್ಯರು ಇರುತ್ತಿದ್ದರು. ಯುಗಾದಿಗೆ ಶ್ರೀಕಂಠಯ್ಯನವರ ಮನೆಯಿಂದ ಒಬ್ಬಟ್ಟಿನ ಡಬ್ಬಿಗಳು ಅಲ್ಲಿಗೆ ಹೊರಡುತ್ತಿದ್ದವು. ಆ ಡಬ್ಬಿಯ ಋಣಕ್ಕೆ ಅಲ್ಲಿನವರು ವರ್ಷವೆಲ್ಲ ನಮಗೆ ಸೀಟು ಹಿಡಿದಿಡುತ್ತಿದ್ದರು. "ನಮ್ಮ ಪಾರ್ಟಿ ಇನ್ನೂ ಯೋಚನೆ ಮಾಡ್ತಿದ್ದಾರೆ, ನಾಳೆ ತನಕ ಇಟ್ಕೊಂಡಿರಿ" ಅಂತ ಫೋನಿನಲ್ಲಿ ಒಂದು ಮಾತು ಹೇಳಿದರೆ ಸೀಟು ಕಾಯುತ್ತಿತ್ತು. ಆಮೇಲೆ ಆ ಆಫೀಸುಗಳು ಮುಚ್ಚಿದವು. ಫೋನ್ ಎತ್ತುವವರು ಬೇರೆ ಊರಿನವರಾದರು, ನಂತರ ಬೇರೆ ದೇಶದವರಾದರು, ಈಗ ಮನುಷ್ಯರೋ ಅಲ್ಲವೋ ಹೇಳುವುದು ಕಷ್ಟ. ಒಬ್ಬಟ್ಟು ಕಳಿಸಲು ವಿಳಾಸ ಇಲ್ಲ. ಶ್ರೀಕಂಠಯ್ಯ ಅಂಗಡಿಯನ್ನು ದೊಡ್ಡ ಕಂಪನಿಯೊಂದಕ್ಕೆ ಕೊಟ್ಟರು. ಕೊಟ್ಟ ಮೇಲೂ ಅಭ್ಯಾಸ ಬಲದಿಂದ ಬಂದು ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದರು. ಒಂದು ದಿನ ಅವರ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ. ಯಾರನ್ನೂ ಕೇಳದೆ ಎದ್ದು ಹೋದರು. ಮತ್ತೆ ಬರಲಿಲ್ಲ.

ಅವರು ಹೋಗುವಾಗ ನನ್ನ ಭುಜ ತಟ್ಟಿದರು ಅಂತ ಬರೆಯಲು ಹೊರಟಿದ್ದೆ. ತಟ್ಟಲಿಲ್ಲ. ನಾನು ಆಗ ಫೋನಿನಲ್ಲಿದ್ದೆ.

ಬಿಟಿಎಂ ಲೇಔಟಿನ ಕಾರ್ತಿಕ್ ಅಂತ ಒಬ್ಬನಿದ್ದ. ಆಸ್ಪತ್ರೆ ಉಪಕರಣ ಮಾರುವ ಕಂಪನಿಯಲ್ಲಿ ಮ್ಯಾನೇಜರ್. ಮೈಲ್ಸ್ ವಿಷಯದಲ್ಲಿ ನನಗೇ ಪಾಠ ಹೇಳುತ್ತಿದ್ದ. ವರ್ಷದ ಕೊನೆಯಲ್ಲಿ ಅವನಿಗೆ ಏರ್‌ಲೈನಿನ ಅತಿ ಮೇಲಿನ ದರ್ಜೆಯ ಕಾರ್ಡಿಗೆ ಕೆಲವು ಹಾರಾಟ ಕಡಿಮೆ ಬಿತ್ತು. ಎಲ್ಲಿಗೂ ಹೋಗುವ ಕೆಲಸ ಇರಲಿಲ್ಲ. ಸುಮ್ಮನೆ ಟಿಕೆಟ್ ತೆಗೆದು, ಒಂದು ಊರಿಗೆ ಹೋಗಿ, ಏರ್‌ಪೋರ್ಟಿನಿಂದ ಹೊರಗೆ ಕಾಲಿಡದೆ ಇನ್ನೊಂದು ಊರಿಗೆ ಹಾರಿ, ಅಲ್ಲಿಂದ ವಾಪಸ್ಸು. "ಸಖತ್ ಅಂಕಲ್! ಊರೇ ನೋಡ್ದೆ ದೇಶ ಸುತ್ತಿದೆ" ಅಂದ. ಕಾರ್ಡು ಬಂತು. ಅದರ ಹಿಂದೆಯೇ ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. ಒಂದು ಮಧ್ಯಾಹ್ನ ಬಂದು ಆ ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟ.

"ಅಂಕಲ್, ಇದನ್ನ ಬೇರೆಯೋರ ಹೆಸರಿಗೆ ಮಾಡಕ್ಕಾಗುತ್ತಾ?"

"ಆಗಲ್ಲಪ್ಪ."

"ವರ್ಷ ಪೂರ್ತಿ ವ್ಯಾಲಿಡ್ ಇದೆ. ಹಾರೋಕೆ ಕೆಲಸಾನೇ ಇಲ್ಲ." ಆಮೇಲೆ, "ನನ್ನ ಬರ್ತ್‌ಡೇಗೆ ಈ ಏರ್‌ಲೈನಿನೋರೊಬ್ರೇ ಅಂಕಲ್ ಮೆಸೇಜ್ ಕಳ್ಸಿದ್ದು" ಅಂದ.

ಎಷ್ಟೋ ವರ್ಷ ಇದನ್ನು ತಮಾಷೆಯ ಕಥೆಯಾಗಿ ಹೇಳಿದ್ದೇನೆ. ಹೇಳುವಾಗ ಕೊನೆಯ ಮಾತಿಗೆ ಕಾರ್ತಿಕ್ ನಗುತ್ತಾನೆ. ಈಗ ಬರೆಯುತ್ತ ಅವನ ಮುಖ ನೆನಪಿಸಿಕೊಂಡರೆ, ಆ ನಗು ಕೇಳುವವರದ್ದು, ಅವನದ್ದಲ್ಲ. ಅವನು ಕಾರ್ಡು ಎತ್ತಿ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ. ನಂತರ ಅವನ ಸುದ್ದಿ ಇಲ್ಲ.

ಇವು ಚಿಕ್ಕವು. ನಾನು ಬರೆಯಲು ಒಪ್ಪಿದ್ದು ರುದ್ರಮೂರ್ತಿಯವರ ವಿಷಯಕ್ಕೆ.

ರುದ್ರಮೂರ್ತಿ ಪಂಪ್‌ಸೆಟ್ಟಿನ ಸಗಟು ವ್ಯಾಪಾರಿ, ಮನೆ ಬನಶಂಕರಿ ಎರಡನೇ ಹಂತ. ವರ್ಷಕ್ಕೊಮ್ಮೆ ಯಂತ್ರಗಳ ಮೇಳಕ್ಕೆ ಜರ್ಮನಿಗೆ, ಆಗಾಗ ಚೀನಾಕ್ಕೆ ಹೋಗುತ್ತಿದ್ದರು. ಅಂಗಡಿಗೆ ತರಿಸುವ ಸರಕನ್ನೆಲ್ಲ ಕಾರ್ಡಿನಲ್ಲೇ ಕೊಳ್ಳುತ್ತಿದ್ದರು, ಪಾಯಿಂಟು ಬರುತ್ತದೆಂದು. ಮೈಲ್ಸ್ ಬೆಟ್ಟದಷ್ಟು ಬೆಳೆದಿತ್ತು. ಅವರು ಮಾತ್ರ ಯಾವಾಗಲೂ ಹಿಂದಿನ ಸೀಟಿನಲ್ಲೇ, ಮೊಣಕಾಲು ಮುದುರಿಕೊಂಡು.

"ಒಂದ್ಸಲನಾದ್ರೂ ಮುಂದೆ ಕೂತ್ಕೊಳ್ಳಿ ಸಾರ್, ಕೊಳೆಯುತ್ತೆ ಅದು" ಅಂದರೆ, "ಸೇರ್ತಾ ಇರ್ಲಿ ಗೋಪಾಲ್. ಗಿರಿಜಂಗೆ ಮಂಡಿ ನೋವು. ಅವಳನ್ನ ಕರ್ಕೊಂಡು ಹೋಗ್ವಾಗ ಇಬ್ರೂ ಮಲಗಿಕೊಂಡು ಹೋಗ್ತೀವಿ" ಅನ್ನುತ್ತಿದ್ದರು.

ಗಿರಿಜಮ್ಮ ಅವರ ಹೆಂಡತಿ. ಗಂಡ ಊರಿಗೆ ಹೊರಡುವ ದಿನ ರಾಹುಕಾಲ ನೋಡಿ ಹೊಸ್ತಿಲು ದಾಟಿಸುತ್ತಿದ್ದರು. ವಿಮಾನ ಎಷ್ಟು ಹೊತ್ತಿಗಾದರೂ ಏಳಲಿ, ಮನೆಯಿಂದ ಹೊರಡುವ ಗಳಿಗೆ ಮಾತ್ರ ಅವರದು. ರುದ್ರಮೂರ್ತಿ ನಗುತ್ತಿದ್ದರು. ಅವರ ಮನೆತನದಲ್ಲಿ ಆ ಪದ್ಧತಿ ಇರಲಿಲ್ಲ, ಲಿಂಗ ಕಟ್ಟಿಕೊಂಡವರು. ನಗುತ್ತಲೇ ಹೆಂಡತಿ ಹೇಳಿದ ಹೊತ್ತಿಗೆ ಹೊರಡುತ್ತಿದ್ದರು.

ಆ ಸಲ ಜರ್ಮನಿಗೆ ಹೊರಟಾಗ ಮಾತ್ರ ಹಾಗಾಗಲಿಲ್ಲ. ಅವರಿಗೆ ಹೊಸದಾಗಿ ಮೇಲಿನ ದರ್ಜೆಯ ಕಾರ್ಡು ಬಂದಿತ್ತು, ಏರ್‌ಪೋರ್ಟಿನ ಲೌಂಜಿನಲ್ಲಿ ಊಟ ಪುಕ್ಕಟೆ. ಬನಶಂಕರಿಯಿಂದ ಏರ್‌ಪೋರ್ಟ್ ಅಂದರೆ ಊರಿನ ಈ ತುದಿಯಿಂದ ಆ ತುದಿ. ಭಾನುವಾರ, ಕತ್ತಲಾದರೆ ಟ್ರಾಫಿಕ್ ಹೆಚ್ಚು ಅಂತ ಐದು ಗಂಟೆಗೇ ಹೊರಟರು. ಭಾನುವಾರ ರಾಹುಕಾಲ ನಾಲ್ಕೂವರೆಯಿಂದ ಆರರ ತನಕ. "ಮನೇಲಿ ಊಟ ಇದ್ಯಲ್ಲ, ಸ್ವಲ್ಪ ತಡೀರಿ" ಅಂದರಂತೆ ಗಿರಿಜಮ್ಮ. "ಅಲ್ಲಿ ಇಪ್ಪತ್ತು ತರ ಇಟ್ಟಿರ್ತಾರೆ ಕಣೇ" ಅಂದು ಕಾರು ಹತ್ತಿದರಂತೆ. ಇದು ಗಿರಿಜಮ್ಮ ಆಮೇಲೆ ಹೇಳಿದ್ದು.

ಮೇಳದ ಕೊನೆಯ ದಿನ ಹೋಟೆಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಫ್ರಾಂಕ್‌ಫರ್ಟಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅಲ್ಲಿನ ಡಾಕ್ಟರು, ಉದ್ದಕ್ಕೂ ಮಲಗಿಕೊಂಡು ಹೋಗುವುದಾದರೆ ಮಾತ್ರ ವಿಮಾನ ಹತ್ತಬಹುದು, ಕೂತು ಹೋಗುವಂತಿಲ್ಲ ಅಂತ ಬರೆದುಕೊಟ್ಟರು. ರುದ್ರಮೂರ್ತಿಯವರಿಗೆ ಅಲ್ಲಿ ಭಾಷೆ ಬಾರದು, ಊಟ ಸೇರದು. ದಿನಕ್ಕೆ ಹತ್ತು ಸಲ ಫೋನ್: "ಹೆಂಗಾದ್ರೂ ಮಾಡಿ ಕರೆಸ್ಕೊಳ್ಳಿ ಗೋಪಾಲ್. ಇಲ್ಲಿದ್ರೆ ನಾನು ಉಳಿಯಲ್ಲ." ಗಿರಿಜಮ್ಮನವರಿಗೆ ಪಾಸ್‌ಪೋರ್ಟ್ ಇರಲಿಲ್ಲ. ಆ ದೊಡ್ಡ ಪ್ರವಾಸ ನಿಶ್ಚಯವಾದಾಗ ಮಾಡಿಸೋಣ ಅಂತ ಬಿಟ್ಟಿದ್ದರು.

ಹಣ ಕೊಟ್ಟು ಕೊಳ್ಳಲು ಅವರು ಸಿದ್ಧರಿದ್ದರು. ಸೀಟೇ ಇರಲಿಲ್ಲ. ಮೇಳ ಮುಗಿಸಿ ಎಲ್ಲ ವ್ಯಾಪಾರಿಗಳೂ ಒಟ್ಟಿಗೆ ಹೊರಟಿದ್ದರು, ಸೋಮವಾರದ ತನಕ ಬಿಸಿನೆಸ್ ಕ್ಲಾಸು ಭರ್ತಿ. ಮಂಗಳವಾರಕ್ಕೆ ಒಂದು ಟಿಕೆಟ್ ಕೊಂಡು ಇಟ್ಟೆವು. ಅದಕ್ಕೂ ಮುಂಚೆ ಏನಾದರೂ ತೆರೆಯುತ್ತದೋ ಅಂತ ನಾನು ದಿನವಿಡೀ ಪರದೆ ನೋಡುತ್ತ ಕೂತೆ. ಗಿರಿಜಮ್ಮ ಎದುರಿನ ಕುರ್ಚಿಯಲ್ಲಿ ಕೂತಿರುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ತೆರೆಯಿತು. ಒಂದೇ ಸೀಟು, ಪಾಲುದಾರ ಏರ್‌ಲೈನೊಂದರದು, ಅವತ್ತೇ ಹೊರಡುವ ವಿಮಾನ, ಮೈಲ್ಸ್ ಕೊಟ್ಟರೆ ಮಾತ್ರ.

"ಬಂತು ಅಮ್ಮ!" ಅಂತ ಕೂಗಿಬಿಟ್ಟೆ. ರುದ್ರಮೂರ್ತಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಅಲ್ಲಿ ಇನ್ನೂ ಬೆಳಕು ಹರಿಯುತ್ತಿತ್ತು. ಖಾತೆ ಅವರದು, ನಾನು ಗುಂಡಿ ಒತ್ತಿದರೆ ಗುಟ್ಟಿನ ಅಂಕಿ ಅವರ ಮೊಬೈಲಿಗೆ ಹೋಗುತ್ತದೆ, ಅವರು ಓದಿ ಹೇಳಬೇಕು. ಗಿರಿಜಮ್ಮ ಗೋಡೆಯ ಗಡಿಯಾರ ನೋಡಿದರು.

"ಗೋಪಾಲ್ ಅವರೇ, ಈಗ ಬೇಡ. ರಾಹುಕಾಲ ಶುರುವಾಗಿದೆ. ಹನ್ನೆರಡು ಹೊಡೀಲಿ."

"ಅಮ್ಮ, ಇದು ಹನ್ನೆರಡರ ತನಕ ನಿಲ್ಲೋದಲ್ಲ."

"ಆ ಭಾನುವಾರಾನೂ ಹಿಂಗೇ ಅವಸರ ಮಾಡಿದ್ದು. ಏನಾಯ್ತು?"

"ರಾಹುಕಾಲ ಇಲ್ಲಿ ಅಮ್ಮ. ಸಾರ್ ಇರೋದು ಜರ್ಮನೀಲಿ. ಅಲ್ಲಿ ಈಗ ಯಾವ ಕಾಲವೂ ಇಲ್ಲ."

"ಹೊರಡೋರು ಅಲ್ಲಿ. ಒತ್ತೋರು ಇಲ್ಲಿ ತಾನೆ?"

ನಾನು ಬೇಡಿಕೊಂಡೆ. ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಬೇಡಿಕೊಂಡೆ. "ಸಾರ್, ನೀವಾದ್ರೂ ಹೇಳಿ" ಅಂತ ಫೋನಿಗೆ ಹೇಳಿದೆ.

ಇಲ್ಲಿ ನನ್ನ ನೆನಪು ಎರಡು ತರ ಇದೆ. ಒಂದರಲ್ಲಿ ರುದ್ರಮೂರ್ತಿ ಎಂದಿನಂತೆ ನಕ್ಕು, "ಅವಳು ಹೇಳಿದ ಹಾಗೇ ಮಾಡಿ ಗೋಪಾಲ್, ಇಷ್ಟು ದಿನ ಕಾದಿದ್ದೀನಿ" ಅನ್ನುತ್ತಾರೆ. ಇನ್ನೊಂದರಲ್ಲಿ ಅದು ನಗು ಅಲ್ಲ, ಕೆಮ್ಮು. ಮಾತು ಅದೇ. ಆ ಕೆಮ್ಮು ಶುಕ್ರವಾರವೇ ಇತ್ತೋ, ಮುಂದೆ ಆದದ್ದು ತಿಳಿದ ಮೇಲೆ ನಾನು ಸೇರಿಸಿದೆನೋ ಹೇಳಲಾರೆ.

ಅವರು ಅಂಕಿ ಓದದೆ ನಾನು ಒತ್ತಿ ಪ್ರಯೋಜನವಿಲ್ಲ. ಸೀಟು ಹಿಡಿದಿಡಲು ಯಾರಿಗೂ ಫೋನ್ ಮಾಡುವಂತಿಲ್ಲ. ಆದರೂ ಏರ್‌ಲೈನಿನ ಸಹಾಯವಾಣಿಗೆ ಮಾಡಿದೆ. ಸಂಗೀತ ಬರುತ್ತಿತ್ತು, ನಿಮ್ಮ ಕರೆ ನಮಗೆ ಮುಖ್ಯ ಅನ್ನುತ್ತಿತ್ತು, ಮತ್ತೆ ಸಂಗೀತ. ಪರದೆಯ ಮೇಲೆ ಸೀಟು ಹಾಗೇ ಇತ್ತು. ಗಿರಿಜಮ್ಮ ಕಣ್ಣು ಮುಚ್ಚಿ ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಹನ್ನೆರಡಾದ ಮೇಲೂ ಸೀಟು ಕಾಣುತ್ತಿತ್ತು. ನೋಡಿದಿರಾ ಎನ್ನುವಂತೆ ಅವರು ನನ್ನ ಕಡೆ ನೋಡಿದರು. ಒತ್ತಿದೆ. ಅಲ್ಲಿಂದ ರುದ್ರಮೂರ್ತಿ ಅಂಕಿ ಓದಿದರು. ಪರದೆಯ ಮೇಲೆ ಚಕ್ರ ತಿರುಗಿತು. ಕ್ಷಮಿಸಿ, ಈ ಸೀಟು ಲಭ್ಯವಿಲ್ಲ.

ಹೊಸಬರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಒಂದು ಏರ್‌ಲೈನಿನ ಮೈಲ್ಸಿನಲ್ಲಿ ಅದರ ಪಾಲುದಾರ ಏರ್‌ಲೈನಿನ ಸೀಟು ಹುಡುಕುವಾಗ, ಕೆಲವು ಸಲ ಇಲ್ಲದ ಸೀಟು ಕಾಣುತ್ತದೆ. ಎಂದೋ ಹೋದ ಸೀಟು, ಅಥವಾ ಯಾವತ್ತೂ ಇರದಿದ್ದ ಸೀಟು. ಎರಡು ಕಂಪ್ಯೂಟರುಗಳು ಪರಸ್ಪರ ಸರಿಯಾಗಿ ಮಾತಾಡದೆ ಹುಟ್ಟುವ ನೆರಳು. ನಮ್ಮಲ್ಲಿ ಅದಕ್ಕೆ ದೆವ್ವದ ಸೀಟು ಅನ್ನುತ್ತಿದ್ದೆವು. ದೆವ್ವದ ಸೀಟನ್ನು ಒತ್ತಿದರೂ, ನಿಜವಾದ ಸೀಟು ಕೈತಪ್ಪಿದ ಮೇಲೆ ಒತ್ತಿದರೂ ಬರುವ ಉತ್ತರ ಒಂದೇ. ಕ್ಷಮಿಸಿ, ಲಭ್ಯವಿಲ್ಲ. ಅದು ಯಾವುದಾಗಿತ್ತು ಅಂತ ಆಮೇಲೆ ತಿಳಿಯುವ ದಾರಿ ಇಲ್ಲ. ಸಹಾಯವಾಣಿಯಲ್ಲಿ ಕೊನೆಗೂ ಒಬ್ಬಳು ಸಿಕ್ಕಳು. ಈಗ ಏನೂ ಕಾಣುತ್ತಿಲ್ಲ, ಬೆಳಿಗ್ಗೆ ಇತ್ತೋ ಇಲ್ಲವೋ ಹೇಳಲಾಗುವುದಿಲ್ಲ ಅಂದಳು. ಇನ್ನೇನಾದರೂ ಸಹಾಯ ಬೇಕೇ ಅಂತ ಕೇಳಿದಳು.

ಶನಿವಾರ ಅವರಿಗೆ ಜ್ವರ ಬಂತು. ಎದೆಗೆ ಸೋಂಕು ಅಂದರು. ಸೋಮವಾರ ತೀರಿಕೊಂಡರು.

ದೇಹ ತರಿಸಿಕೊಳ್ಳುವ ಕಾಗದ ಪತ್ರ ನನಗೆ ಗೊತ್ತಿದ್ದ ಕೆಲಸ, ಹಾಗಾಗಿ ಕಾರ್ಗೋ ಕಟ್ಟಡಕ್ಕೆ ನಾನೇ ಹೋದೆ. ಮನೆಯವರಲ್ಲಿ ಯಾರೋ, "ಇದಕ್ಕಾದ್ರೂ ಆ ಮೈಲ್ಸ್ ಬರುತ್ತಾ?" ಅಂದರು. ಬರುವುದಿಲ್ಲ ಅಂದೆ. ಸರಕಿನ ಜೊತೆ ಪೆಟ್ಟಿಗೆ ಬಂತು. ಅವರ ಸಂಪ್ರದಾಯದಲ್ಲಿ ಸತ್ತವರನ್ನು ಕೂರಿಸಿ ಸಮಾಧಿ ಮಾಡುತ್ತಾರೆ. ರುದ್ರಭೂಮಿಯಲ್ಲಿ ಗೂಡು ಅಗೆದು ಸಿದ್ಧ ಮಾಡಿದ್ದರು. ಕ್ರಿಯೆ ಮಾಡಿಸುವ ಅಯ್ಯನವರು ಪೆಟ್ಟಿಗೆ ತೆಗೆಸಿ, ಕೈ ಮುಟ್ಟಿ, ಕಾಲು ಮುಟ್ಟಿ ನೋಡಿದರು. ದೇಹ ಕೆಡದ ಹಾಗೆ ಔಷಧಿ ತುಂಬಿ ಕಳಿಸಿದ್ದರು, ಮರಗಟ್ಟಿತ್ತು. "ಕೂರಿಸಕ್ಕಾಗಲ್ಲ. ಇದ್ದ ಹಾಗೇ ಇಡೋಣ" ಅಂದರು. ಗುಂಡಿಯನ್ನು ಮತ್ತೆ ಉದ್ದಕ್ಕೆ ಅಗೆಯುವ ತನಕ ಎಲ್ಲರೂ ಬಿಸಿಲಲ್ಲಿ ನಿಂತೆವು. ರುದ್ರಮೂರ್ತಿಯವರನ್ನು ಮಲಗಿಸಿಯೇ ಮಣ್ಣು ಮಾಡಿದರು.

ಶಿವಗಣಾರಾಧನೆಯ ಊಟಕ್ಕೆ ನನ್ನನ್ನೂ ಕರೆದಿದ್ದರು. ಊಟ ಮುಗಿದ ಮೇಲೆ ನಡುಮನೆಯಲ್ಲಿ ರುದ್ರಮೂರ್ತಿಯವರ ಅಕ್ಕ ಪಾರ್ವತಮ್ಮ, "ಸ್ವಲ್ಪ ಕೂತ್ಕೊಳ್ಳಿ" ಅಂದರು. ಸುತ್ತ ನೆಂಟರು. ಗಿರಿಜಮ್ಮ ಅಡುಗೆಮನೆ ಬಾಗಿಲ ಹತ್ತಿರ ನಿಂತಿದ್ದರು. ಊಟದ ಹೊತ್ತಿನಲ್ಲಿ ಅವರ ಜೊತೆ ಯಾರೂ ಮಾತಾಡಿದ್ದು ನಾನು ನೋಡಲಿಲ್ಲ.

"ಲಿಂಗ ಕಟ್ಕೊಂಡೋರಿಗೆ ಎಂಥ ರಾಹು, ಎಂಥ ಕೇತು?" ಅಂದರು ಪಾರ್ವತಮ್ಮ. "ನಮ್ಮಪ್ಪ ಅಂಗಡಿ ತೆಗೆದಿದ್ದೇ ಅಮಾವಾಸ್ಯೆ ದಿನ. ಈ ಮನೆಗೆ ಆ ಅನಿಷ್ಟ ತಂದೋಳು ಇವಳು. ಗೋಪಾಲ್ ಅವರೇ, ನೀವು ಹೊರಗಿನೋರು, ಸುಳ್ಳು ಹೇಳೋ ಗರಜು ನಿಮಗಿಲ್ಲ. ಎಲ್ರ ಮುಂದೆ ಹೇಳಿ. ಇವಳು ತಡೀದೆ ಇದ್ದಿದ್ರೆ ನನ್ ತಮ್ಮ ಶುಕ್ರವಾರ ವಿಮಾನ ಹತ್ತುತಿದ್ನೋ ಇಲ್ವೋ?"

"ಹತ್ತುತಿರಲಿಲ್ಲ" ಅಂದೆ. "ಆ ಸೀಟು ಇರಲೇ ಇಲ್ಲ."

"ಇರ್ಲಿಲ್ಲ ಅಂದ್ರೆ? ಕಾಣ್ತಿತ್ತು ಅಂದ್ರಲ್ಲ!"

"ಕಾಣುತ್ತೆ ಅಮ್ಮ. ನಮ್ಮ ಕೆಲಸದಲ್ಲಿ ಇಲ್ಲದ್ದೂ ಕಾಣುತ್ತೆ. ನೋಡಿ, ಹನ್ನೆರಡಾದ ಮೇಲೂ ಅದು ಕಾಣ್ತಾನೇ ಇತ್ತು, ಒತ್ತಿದ ಮೇಲೆ ತಾನೇ ಇಲ್ಲ ಅಂದಿದ್ದು? ಬೆಳಿಗ್ಗೆ ಒತ್ತಿದ್ರೂ ಅದೇ ಹೇಳ್ತಿತ್ತು."

ರುದ್ರಮೂರ್ತಿಯವರ ಸೋದರಳಿಯ ಒಬ್ಬ ಮೊಬೈಲಿನಲ್ಲಿ ಹುಡುಕಿ, "ಹೌದು ದೊಡ್ಡಮ್ಮ, ಹಂಗೂ ಆಗುತ್ತಂತೆ. ಎಷ್ಟೊಂದು ಜನ ಬೈದು ಹಾಕಿದ್ದಾರೆ ನೋಡಿ" ಅಂದ. ಪಾರ್ವತಮ್ಮ ಮೊಬೈಲ್ ನೋಡಲಿಲ್ಲ. ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತರು. ತಮ್ಮ ಸತ್ತದ್ದಕ್ಕೆ ಅವರು ಅತ್ತದ್ದನ್ನು ನಾನು ನೋಡಿದ್ದು ಆಗಲೇ ಮೊದಲು. ಒಬ್ಬ ಹೆಂಗಸು ಎದ್ದು ಹೋಗಿ, "ಗಿರಿಜಾ, ನೀನು ಇನ್ನೂ ಊಟ ಮಾಡಿಲ್ಲ, ಬಾ" ಅಂದರು.

ನಾನು ಹೊರಟೆ. ಗಿರಿಜಮ್ಮ ಬಾಗಿಲ ತನಕ ಬಂದರು. ನಾನು ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ.

"ಗೋಪಾಲ್ ಅವರೇ, ಅದು ಇಲ್ಲದ ಸೀಟಾಗಿದ್ರೆ, ಅವತ್ತು ನೀವು ನನ್ನ ಅಷ್ಟೊಂದು ಯಾಕೆ ಬೇಡ್ಕೊಂಡ್ರಿ?"

"ಅವತ್ತು ನನಗೂ ಗೊತ್ತಿರಲಿಲ್ಲ ಅಮ್ಮ" ಅಂದೆ.

"ಈಗ ಗೊತ್ತಾ?"

ಹೌದು ಅಂದೆ. ನಾನು ತಲೆ ಎತ್ತುವಷ್ಟರಲ್ಲಿ ಅವರು ಒಳಗೆ ಹೋಗಿದ್ದರು. ಯಾರೋ ಅವರಿಗೆ ಎಲೆ ಹಾಕುತ್ತಿದ್ದರು.